ಕಾಮನಬಿಲ್ಲಿಗೂ ತಾರೀಕು ಬೇಕು

ಭರಣಿ ಮಳೆ ಸುರಿದು ನಿಂತ ಒಂದು ಸಂಜೆ ಮುಳಬಾಗಿಲು ತಾಲ್ಲೂಕಿನ ಆವಣಿಯಲ್ಲಿದ್ದೆವು. ಬೆಟ್ಟದ ಮೇಲೆ ಕಾಮನಬಿಲ್ಲು ಮೂಡಿತು. ನೊಳಂಬರ ಕಾಲದ ರಾಮಲಿಂಗೇಶ್ವರ ಗುಡಿಗಳ ಜೊತೆ ಅದನ್ನು ಹಿಡಿಯಲು ಕ್ಯಾಮೆರಾ ಎತ್ತಿಕೊಂಡು ಓಡಿದೆವು. ಎಲ್ಲಿ ನಿಂತರೂ ಗುಡಿಯ ಮುಂಭಾಗ, ಬಿಲ್ಲು ಎರಡೂ ಒಟ್ಟಿಗೆ ಸಿಗಲಿಲ್ಲ.

ಕಾರಣ ಸರಳ. ಕಾಮನಬಿಲ್ಲು ಕಾಣಲು ಸೂರ್ಯ ನಮ್ಮ ಬೆನ್ನಿಗಿರಬೇಕು, ಮಳೆ ಎದುರಿಗಿರಬೇಕು. ಬಯಲಲ್ಲಿ ನಿಂತವರಿಗೆ ಸೂರ್ಯ 42 ಡಿಗ್ರಿಗಿಂತ ಮೇಲಿದ್ದರೆ ಬಿಲ್ಲಿಲ್ಲ. ಹಾಗಾಗಿ ಸಂಜೆಯ ಬಿಲ್ಲು ಪೂರ್ವಕ್ಕೆ, ಬೆಳಗಿನದು ಪಶ್ಚಿಮಕ್ಕೆ. ನಮ್ಮ ಕಡೆ ಬೇಸಿಗೆ ಮಳೆ ಬರುವುದು ಹೆಚ್ಚಾಗಿ ಮಧ್ಯಾಹ್ನ ಕಳೆದ ಮೇಲೆ. ಪೂರ್ವಕ್ಕೆ ಮುಖ ಮಾಡಿದ ಗುಡಿಯಾದರೆ ಬಿಲ್ಲಿನ ಜೊತೆ ಸಿಗುವುದು ಅದರ ಬೆನ್ನೇ.

ಅಂದರೆ ಬಿಲ್ಲಿರುವ ಚಿತ್ರ ತಾನು ತೆಗೆದ ಹೊತ್ತನ್ನು ತಾನೇ ಹೇಳುತ್ತದೆ. ವರ್ಷವನ್ನು ಮಾತ್ರ ಹೇಳುವುದಿಲ್ಲ. ಚರಿತ್ರೆಗೆ ಬೇಕಾದದ್ದು ಅದೇ.

ನಮ್ಮ ಜಿಲ್ಲೆಯ ಶಾಸನಗಳನ್ನು ಬಿ.ಎಲ್. ರೈಸ್ 1905ರಲ್ಲಿ ಎಪಿಗ್ರಾಫಿಯಾ ಕರ್ನಾಟಿಕಾದ 10ನೇ ಸಂಪುಟದಲ್ಲಿ ಪ್ರಕಟಿಸಿದರು. ಕೆರೆ ಕಟ್ಟಿಸಿದ್ದು, ಭೂಮಿ ಬಿಟ್ಟಿದ್ದು ಇಂಥವನ್ನು ಕಲ್ಲಿಗೆ ಹಾಕಿಸಿದವರು ಎಷ್ಟೋ ಕಡೆ ಶಕವರ್ಷ, ಮಾಸ, ತಿಥಿ, ವಾರವನ್ನೂ ಬರೆಸಿದ್ದಾರೆ. ನಮ್ಮ ಮೊಬೈಲಿನ ಸಾವಿರ ಚಿತ್ರಗಳು ಒಬ್ಬರಿಂದ ಒಬ್ಬರಿಗೆ ಹೋಗುವಷ್ಟರಲ್ಲಿ ತಾರೀಕು, ಊರು ಎರಡನ್ನೂ ಕಳೆದುಕೊಂಡಿರುತ್ತವೆ.

ಇದರಿಂದ ನಷ್ಟವೇನು? ಕೋಲಾರ ತಾಲ್ಲೂಕಿನ ಲಕ್ಷ್ಮೀಸಾಗರ ಕೆರೆಯನ್ನೇ ನೋಡಿ. ವರ್ಷವಿಡೀ ಹರಿಯುವ ನದಿ ಜಿಲ್ಲೆಯಲ್ಲಿಲ್ಲ. ಕೆರೆ ತುಂಬಿದರೆ ಒಳ್ಳೆ ಮಳೆಯಾಯಿತೆಂದೇ ಹಿಂದೆಲ್ಲ ಅರ್ಥ. 2018ರಿಂದ ಕೆ.ಸಿ. ವ್ಯಾಲಿ ಯೋಜನೆಯಲ್ಲಿ ಬೆಂಗಳೂರಿನ ಸಂಸ್ಕರಿಸಿದ ಕೊಳಚೆ ನೀರು ಆ ಕೆರೆಗೆ ಬರುತ್ತಿದೆ. ತುಂಬಿದ ಕೆರೆ, ಮೇಲೊಂದು ಕಾಮನಬಿಲ್ಲು: ತಾರೀಕಿಲ್ಲದ ಈ ಚಿತ್ರ ನೋಡಿದ ನಾಳಿನವರು, ಆ ವರ್ಷ ಮಳೆ ಚೆನ್ನಾಗಿತ್ತೆಂದು ಬರೆದುಬಿಟ್ಟಾರು. ಬರಗಾಲವೊಂದು ಹಾಗೆಯೇ ಅಳಿಸಿಹೋಗುತ್ತದೆ.

ಶ್ರೀನಿವಾಸಪುರದ ಮಾವಿನ ತೋಪಿನ ಮೇಲೆ ಬಿಲ್ಲು ಕಂಡರೆ ನಾವು ಮೇಲೆ ನೋಡುತ್ತೇವೆ. ರೈತ ಆಲಿಕಲ್ಲಿಗೆ ಉದುರಿದ ಕಾಯಿ ನೋಡುತ್ತಾನೆ. ಆ ನೆಲವೂ ಚಿತ್ರದಲ್ಲಿರಲಿ. ಮಾಲೂರಿನ ಇಟ್ಟಿಗೆ ಗೂಡು, ನೀಲಗಿರಿ ತೋಪು ಅಡ್ಡ ಬಂದವೆಂದು ಕತ್ತರಿಸಬೇಡಿ. ನಾಳೆ ಅವೇ ಇಲ್ಲದಿರಬಹುದು.

ನಾವೀಗ ಪ್ರತಿ ಚಿತ್ರದ ಕೆಳಗೆ ನಾಲ್ಕು ಮಾತು ಬರೆಯುತ್ತಿದ್ದೇವೆ: ಊರು, ತಾರೀಕು ಮತ್ತು ಹೊತ್ತು, ಯಾವ ದಿಕ್ಕಿಗೆ ನಿಂತಿದ್ದೆವು, ಯಾವ ಮಳೆ. ನೀವೂ ಬರೆಯಿರಿ. ಬಿಲ್ಲು ಕರಗಿದ ಮೇಲೆ ಉಳಿಯುವುದು ಅದೇ.