200 ಮೆಗಾಪಿಕ್ಸೆಲ್ ಫೋನ್ ಇದ್ದರೆ ಕ್ಯಾಮೆರಾ ಬೇಡವೇ? ಒಳ್ಳೆಯ ಫೋಟೊಗೆ ನಿಜಕ್ಕೂ ಬೇಕಾಗಿರುವುದೇನು?

ಹೊಸ ಫೋನ್ ಮಾರುಕಟ್ಟೆಗೆ ಬಂದಾಗಲೆಲ್ಲ ಒಂದೇ ಬಗೆಯ ಸಂದೇಶ ವಾಟ್ಸ್‌ಆ್ಯಪ್ ಗುಂಪುಗಳಲ್ಲಿ ಓಡಾಡುತ್ತದೆ. ಒಂದು ಕಡೆ 24 ಮೆಗಾಪಿಕ್ಸೆಲ್‌ನ ದೊಡ್ಡ ಕ್ಯಾಮೆರಾ, ಇನ್ನೊಂದು ಕಡೆ 200 ಮೆಗಾಪಿಕ್ಸೆಲ್‌ನ ಫೋನ್. ಫೋನು ಎಂಟು ಪಟ್ಟು ಮೇಲು, ಇನ್ನೂ ಕ್ಯಾಮೆರಾ ಕೊಳ್ಳುವವರು ದಡ್ಡರು ಎಂಬ ಅರ್ಥದ ಒಕ್ಕಣೆ ಕೆಳಗಿರುತ್ತದೆ. ಇದಕ್ಕೆ ತದ್ವಿರುದ್ಧ ನಂಬಿಕೆಯೂ ಇದೆ: ಡಿಎಸ್‌ಎಲ್‌ಆರ್ ತಗೊಂಡರೆ ಸಾಕು, ಫೋಟೊ ತಾನಾಗಿಯೇ ಚೆನ್ನಾಗಿ ಬರುತ್ತದೆ. ಎರಡನ್ನೂ ನಂಬಿ ತಿಂಗಳ ಕಂತು ಕಟ್ಟುತ್ತಿರುವವರಿದ್ದಾರೆ.

ಚಿಕ್ಕ ಉತ್ತರ ಇಷ್ಟು. ಎರಡೂ ತಪ್ಪು. ಫೋಟೊದ ಗುಣಮಟ್ಟವನ್ನು ಹೆಚ್ಚಾಗಿ ನಿರ್ಧರಿಸುವುದು ಸೆನ್ಸರ್ ಮೇಲೆ ಎಷ್ಟು ಬೆಳಕು ಬಿತ್ತು ಎಂಬುದು. ಮೆಗಾಪಿಕ್ಸೆಲ್ ಸಂಖ್ಯೆ ಆಮೇಲಿನ ಮಾತು. ಹಣ ಖರ್ಚು ಮಾಡುವ ಮೊದಲು ಇದನ್ನು ಸ್ವಲ್ಪ ಬಿಡಿಸಿ ನೋಡೋಣ.

ಎಷ್ಟು ಮೆಗಾಪಿಕ್ಸೆಲ್ ಬೇಕು?

ಒಂದು ಮೆಗಾಪಿಕ್ಸೆಲ್ ಎಂದರೆ ಹತ್ತು ಲಕ್ಷ ಚುಕ್ಕೆಗಳು. 1975ರಲ್ಲಿ ಕೊಡಾಕ್ ಕಂಪನಿಯ ಎಂಜಿನಿಯರ್ ಸ್ಟೀವನ್ ಸ್ಯಾಸನ್ ತಯಾರಿಸಿದ ಡಿಜಿಟಲ್ ಕ್ಯಾಮೆರಾದಲ್ಲಿ ಇದ್ದದ್ದು ಬರೀ ಹತ್ತು ಸಾವಿರ ಚುಕ್ಕೆ, ಅಂದರೆ 0.01 ಮೆಗಾಪಿಕ್ಸೆಲ್. ಒಂದು ಚಿತ್ರವನ್ನು ಕ್ಯಾಸೆಟ್‌ಗೆ ಬರೆದುಕೊಳ್ಳಲು ಅದಕ್ಕೆ 23 ಸೆಕೆಂಡ್ ಬೇಕಾಗುತ್ತಿತ್ತು. ಆಗ ಚುಕ್ಕೆಗಳ ಸಂಖ್ಯೆ ಹೆಚ್ಚಿಸುವುದು ನಿಜಕ್ಕೂ ದೊಡ್ಡ ಕೆಲಸವಾಗಿತ್ತು. ಈಗ ಆ ಸಮಸ್ಯೆ ಉಳಿದಿಲ್ಲ.

ಆಲ್ಬಮ್‌ಗೆ ಹಾಕುವ 4x6 ಇಂಚಿನ ಪ್ರಿಂಟ್‌ಗೆ ಇಂಚಿಗೆ 300 ಚುಕ್ಕೆಯ ಲೆಕ್ಕದಲ್ಲಿ ಬೇಕಾಗುವುದು ಸುಮಾರು 2 ಮೆಗಾಪಿಕ್ಸೆಲ್. ಎ4 ಅಳತೆಗೆ 9 ಮೆಗಾಪಿಕ್ಸೆಲ್‌ಗಿಂತ ಕಡಿಮೆ ಸಾಕು. ಮನೆಯ 4ಕೆ ಟಿ.ವಿ. ತೋರಿಸುವುದೇ 8.3 ಮೆಗಾಪಿಕ್ಸೆಲ್. 2015ರ ಐಫೋನ್ 6ಎಸ್‌ನಿಂದ 2021ರ ಐಫೋನ್ 13 ಪ್ರೊವರೆಗೆ ಮುಖ್ಯ ಕ್ಯಾಮೆರಾ 12 ಮೆಗಾಪಿಕ್ಸೆಲ್‌ನಲ್ಲೇ ಇತ್ತು. ಆದರೆ ಆ ಆರು ವರ್ಷಗಳಲ್ಲಿ ಫೋಟೊಗಳು ಎಷ್ಟು ಸುಧಾರಿಸಿದವು ಎಂದು ಬಳಸಿದವರಿಗೆಲ್ಲ ಗೊತ್ತು.

ಹಾಗಾದರೆ ಆ 200 ಎಲ್ಲಿ ಹೋಗುತ್ತದೆ?

2023ರ ಸ್ಯಾಮ್‌ಸಂಗ್ ಗ್ಯಾಲಕ್ಸಿ ಎಸ್23 ಅಲ್ಟ್ರಾ ಫೋನನ್ನೇ ತೆಗೆದುಕೊಳ್ಳೋಣ. ಅದರ ಮುಖ್ಯ ಸೆನ್ಸರ್‌ನ ಒಂದೊಂದು ಪಿಕ್ಸೆಲ್ 0.6 ಮೈಕ್ರಾನ್ ಅಗಲ. ಒಂದು ತಲೆಗೂದಲಿನ ದಪ್ಪದಲ್ಲಿ ಸುಮಾರು ನೂರು ಪಿಕ್ಸೆಲ್ ಸಾಲಾಗಿ ಕೂರುತ್ತವೆ. ಇಷ್ಟು ಸಣ್ಣ ಪಿಕ್ಸೆಲ್‌ಗೆ ಬೀಳುವ ಬೆಳಕು ಅತ್ಯಲ್ಪ. ಅದಕ್ಕೇ ಫೋನು 16 ಪಿಕ್ಸೆಲ್‌ಗಳನ್ನು ಒಟ್ಟು ಸೇರಿಸಿ ಒಂದು ಎಂದು ಎಣಿಸುತ್ತದೆ. ನೀವು ಸೆಟ್ಟಿಂಗ್ಸ್ ಬದಲಿಸದೆ ಸುಮ್ಮನೆ ಕ್ಲಿಕ್ ಮಾಡಿದರೆ ಸಿಗುವುದು 12 ಮೆಗಾಪಿಕ್ಸೆಲ್ ಫೋಟೊ. ಇದನ್ನು ಪಿಕ್ಸೆಲ್ ಬಿನ್ನಿಂಗ್ ಎನ್ನುತ್ತಾರೆ. ಇದು ಮೋಸವೇನಲ್ಲ, ಒಳ್ಳೆಯ ಎಂಜಿನಿಯರಿಂಗ್. ಜಾಹೀರಾತಿನಲ್ಲಿ ದಪ್ಪ ಅಕ್ಷರದಲ್ಲಿ ಬರುವುದು 200 ಮಾತ್ರ ಅಷ್ಟೆ.

ಪೂರ್ತಿ 200 ಮೆಗಾಪಿಕ್ಸೆಲ್ ಆನ್ ಮಾಡಿದರೂ ಭೌತಶಾಸ್ತ್ರ ಅಡ್ಡ ಬರುತ್ತದೆ. ಬೆಳಕು ಅಲೆಯಂತೆ ಸಾಗುವುದರಿಂದ ಯಾವ ಲೆನ್ಸೂ ಅದನ್ನು ಒಂದು ಬಿಂದುವಿಗೆ ತಂದು ನಿಲ್ಲಿಸಲಾರದು. ಅದು ಪುಟ್ಟ ವೃತ್ತವಾಗಿ ಹರಡುತ್ತದೆ. ಈ ಫೋನಿನ ಲೆನ್ಸ್ ಎಫ್ 1.7. ಹಸಿರು ಬೆಳಕಿಗೆ ಲೆಕ್ಕ ಹಾಕಿದರೆ ಆ ವೃತ್ತದ ಅಗಲ ಸುಮಾರು 2.3 ಮೈಕ್ರಾನ್, ಅಂದರೆ ಹತ್ತಿರ ಹತ್ತಿರ ನಾಲ್ಕು ಪಿಕ್ಸೆಲ್‌ಗಳಷ್ಟು. ಲೆನ್ಸ್ ಎಷ್ಟೇ ಚೆನ್ನಾಗಿದ್ದರೂ ಹೀಗೆಯೇ.

ಬೆಳಕಿನ ಲೆಕ್ಕ

ಸೋನೆ ಮಳೆ ಶುರುವಾದಾಗ ಅಂಗಳದಲ್ಲಿ ಒಂದು ಪರಾತ ಮತ್ತು ಹತ್ತು ಪುಟ್ಟ ಲೋಟ ಇಟ್ಟಿದ್ದೀರಿ ಎಂದುಕೊಳ್ಳಿ. ಒಂದು ಲೋಟಕ್ಕೆ ಮೂರು ಹನಿ, ಪಕ್ಕದ್ದಕ್ಕೆ ಏಳು, ಇನ್ನೊಂದಕ್ಕೆ ಒಂದೂ ಇಲ್ಲ. ಕತ್ತಲಲ್ಲಿ ತೆಗೆದ ಫೋಟೊದಲ್ಲಿ ಕಾಣುವ ರವೆ ರವೆಯಂಥ ಕಾಳು ಬಹುಪಾಲು ಇದೇ. ಬೆಳಕಿನ ಕಣಗಳೂ ಹನಿಗಳಂತೆ ಏರುಪೇರಾಗಿ ಬೀಳುತ್ತವೆ. ಒಂದು ಪಿಕ್ಸೆಲ್‌ಗೆ 10,000 ಕಣ ಬಿದ್ದರೆ ಏರುಪೇರು ಸುಮಾರು 100, ಅಂದರೆ ಶೇ 1. ಬರೀ 100 ಕಣ ಬಿದ್ದರೆ ಏರುಪೇರು 10, ಅಂದರೆ ಶೇ 10. ಐಎಸ್‌ಒ ಹೆಚ್ಚಿಸಿದ್ದಕ್ಕೇ ಕಾಳು ಬಂತು ಎಂದು ಹವ್ಯಾಸಿಗಳು ಹೇಳುವುದುಂಟು. ನಿಜವಾದ ಕಾರಣ ಬೆಳಕು ಸಾಲದಿರುವುದು. ಐಎಸ್‌ಒ ಹೆಚ್ಚಿಸಿದಾಗ ಆ ಕೊರತೆ ಕಣ್ಣಿಗೆ ಕಾಣುತ್ತದೆ.

ಈಗ ಅಳತೆಗಳನ್ನು ಹೋಲಿಸಿ. ಆ ಫೋನಿನ ಸೆನ್ಸರ್ ವಿಸ್ತೀರ್ಣ ಸುಮಾರು 72 ಚದರ ಮಿಲಿಮೀಟರ್. ಸಾಮಾನ್ಯ ಹವ್ಯಾಸಿ ಕ್ಯಾಮೆರಾಗಳಲ್ಲಿರುವ ಎಪಿಎಸ್-ಸಿ ಸೆನ್ಸರ್ 23.5x15.6 ಮಿಲಿಮೀಟರ್, ಅಂದರೆ 366 ಚದರ ಮಿಲಿಮೀಟರ್. ಐದು ಪಟ್ಟು ದೊಡ್ಡದು. ಕ್ಯಾಮೆರಾ ಗೆದ್ದಿತು ಎಂದುಕೊಳ್ಳಬೇಡಿ, ಕತೆ ಇಲ್ಲೇ ತಿರುಗುತ್ತದೆ.

ಡಿಎಸ್‌ಎಲ್‌ಆರ್ ಕೊಂಡವರಿಗೆ ನಿರಾಸೆ ಏಕೆ?

ಕ್ಯಾಮೆರಾ ಜೊತೆ ಪೆಟ್ಟಿಗೆಯಲ್ಲಿ ಬರುವ 18-55 ಎಂ.ಎಂ. ಕಿಟ್ ಲೆನ್ಸ್‌ನ ಮೇಲೆ 3.5-5.6 ಎಂದು ಬರೆದಿರುತ್ತದೆ. ಇದು ಎಫ್ ಸಂಖ್ಯೆ. ಸಂಖ್ಯೆ ಚಿಕ್ಕದಾದಷ್ಟೂ ಲೆನ್ಸ್‌ನ ಬಾಯಿ ದೊಡ್ಡದು, ಒಳಗೆ ಬರುವ ಬೆಳಕು ಹೆಚ್ಚು. ಫೋನಿನ 1.7 ಲೆನ್ಸ್ ಪ್ರತಿ ಚದರ ಮಿಲಿಮೀಟರ್‌ಗೆ ಕೊಡುವ ಬೆಳಕು 3.5ಕ್ಕಿಂತ ನಾಲ್ಕು ಪಟ್ಟು, 5.6ಕ್ಕಿಂತ ಹತ್ತು ಪಟ್ಟಿಗೂ ಹೆಚ್ಚು. ದೊಡ್ಡ ಸೆನ್ಸರ್‌ನಿಂದ ಬಂದ ಐದು ಪಟ್ಟು ಲಾಭ ಅಲ್ಲಿಗೆ ಕರಗಿತು. ಮೇಲಾಗಿ ಫೋನು ಹಲವು ಫ್ರೇಮ್‌ಗಳನ್ನು ಸರಸರನೆ ತೆಗೆದು, ಒಂದರ ಮೇಲೊಂದು ಜೋಡಿಸಿ ಕಾಳು ಕಡಿಮೆ ಮಾಡುತ್ತದೆ. ಮದುವೆ ಛತ್ರದ ಮಂದ ಬೆಳಕಲ್ಲಿ ಸಾವಿರಾರು ರೂಪಾಯಿಯ ಕ್ಯಾಮೆರಾಕ್ಕಿಂತ ಪಕ್ಕದವರ ಫೋನೇ ಚೆನ್ನಾಗಿ ತೆಗೆಯಿತು ಎಂದು ಬೇಸರಪಟ್ಟವರು ಸುಳ್ಳು ಹೇಳುತ್ತಿಲ್ಲ.

ಹೀಗಾದಾಗ ಹೆಚ್ಚಿನವರು ಕ್ಯಾಮೆರಾ ಬಾಡಿ ಬದಲಿಸಲು ಹೊರಡುತ್ತಾರೆ. ನಮ್ಮ ಮಾತು ಕೇಳಿದರೆ, ಲೆನ್ಸ್ ಬದಲಿಸಿ. 50 ಎಂ.ಎಂ. ಎಫ್ 1.8 ಲೆನ್ಸ್ ಹಲವು ಕಂಪನಿಗಳಲ್ಲಿ ಸಿಗುವ ಅತಿ ಅಗ್ಗದ ಲೆನ್ಸ್‌ಗಳಲ್ಲಿ ಒಂದು. ಕಿಟ್ ಲೆನ್ಸನ್ನು ಪೂರ್ತಿ ಜೂಮ್ ಮಾಡಿದಾಗ ಬರುವ ಬೆಳಕಿಗಿಂತ ಇದರಲ್ಲಿ ಬರುವುದು ಹತ್ತಿರ ಹತ್ತಿರ ಹತ್ತು ಪಟ್ಟು. ಆದರೆ ಒಂದು ಎಚ್ಚರಿಕೆ: ಜೂಮ್ ಇರುವುದಿಲ್ಲ, ಮತ್ತು ಎಪಿಎಸ್-ಸಿ ಕ್ಯಾಮೆರಾದಲ್ಲಿ ಇದರ ನೋಟ ಕಿರಿದು. ಚಿಕ್ಕ ಕೋಣೆಯಲ್ಲಿ ಎಲ್ಲರನ್ನೂ ಸೇರಿಸಲು ಬೆನ್ನು ಗೋಡೆಗೆ ತಾಗುತ್ತದೆ. ಮನೆಯೊಳಗಿನ ಫೋಟೊಗಳೇ ಹೆಚ್ಚಾದರೆ 35 ಎಂ.ಎಂ. ನೋಡಿ.

ದುಡ್ಡಿಲ್ಲದೆ ಸರಿಮಾಡಬಹುದಾದದ್ದು

ಮೊದಲು ಫೋನಿನ ಲೆನ್ಸ್ ಒರೆಸಿ. ಬೆರಳಿನ ಎಣ್ಣೆ ಜಿಡ್ಡಿನಿಂದ ದೀಪಗಳ ಸುತ್ತ ಗೆರೆ, ಮಂಜು ಮಂಜಾದ ಮುಖ ಬರುತ್ತದೆ. ಜನ ಅದಕ್ಕೆ ಕ್ಯಾಮೆರಾವನ್ನು ದೂರುತ್ತಾರೆ.

ಮಗುವಿನ ಫೋಟೊ ಮಸುಕಾಗಿದ್ದರೆ ಫೋಕಸ್ ತಪ್ಪಿದೆ ಎಂದುಕೊಳ್ಳುವ ಮೊದಲು ಶಟರ್ ವೇಗ ನೋಡಿ. ಓಡುವ ಮಗುವಿಗೆ ಸೆಕೆಂಡಿನ 500ನೇ ಒಂದು ಭಾಗದ ಆಸುಪಾಸು ಇರಲಿ. ಕತ್ತಲು ಕೋಣೆಯಿಂದ ಕಿಟಕಿ ಪಕ್ಕಕ್ಕೆ ಕರೆದುಕೊಂಡು ಬಂದರೆ ಆ ವೇಗ ಸಿಗುತ್ತದೆ. ನೈಟ್ ಮೋಡ್ ಓಡುವ ಮಗುವಿಗೆ ಒಗ್ಗದು, ಅದು ನಿಂತ ವಸ್ತುಗಳಿಗೆ.

ಫ್ಲ್ಯಾಶ್ ವಿಚಾರದಲ್ಲಂತೂ ಹೇಳಲೇಬೇಕು. ದೂರ ಎರಡು ಪಟ್ಟಾದರೆ ಫ್ಲ್ಯಾಶ್ ಬೆಳಕು ನಾಲ್ಕನೇ ಒಂದಕ್ಕೆ ಇಳಿಯುತ್ತದೆ. ಯಕ್ಷಗಾನದ ಬಯಲಿನಲ್ಲಿ ಹಿಂದಿನ ಸಾಲಿನಿಂದ ಹೊಡೆಯುವ ಫೋನ್ ಫ್ಲ್ಯಾಶ್ ಮುಂದೆ ಕೂತವರ ತಲೆಗಳನ್ನು ಬೆಳಗಿಸಿ ಅಲ್ಲಿಗೇ ಮುಗಿಯುತ್ತದೆ. ಅದನ್ನು ಆರಿಸಿ, ವೇಷಧಾರಿಯ ಮುಖದ ಮೇಲೆ ಪರದೆಯನ್ನು ಒತ್ತಿ, ಪಕ್ಕದಲ್ಲಿ ಮೂಡುವ ಸೂರ್ಯನ ಗುರುತನ್ನು ಸ್ವಲ್ಪ ಕೆಳಗೆ ಎಳೆಯಿರಿ. ಬಿಳಿಚಿಕೊಂಡ ಮುಖದಲ್ಲಿ ಬಣ್ಣಗಾರಿಕೆ ಮತ್ತೆ ಕಾಣುತ್ತದೆ.

ಮೆಗಾಪಿಕ್ಸೆಲ್ ಪ್ರಯೋಜನವೇ ಇಲ್ಲವೇ?

ಇದೆ. ರಂಗನತಿಟ್ಟಿನಲ್ಲಿ ದೋಣಿಯಿಂದ ಹಕ್ಕಿ ತೆಗೆದು ಆಮೇಲೆ ಕತ್ತರಿಸಿ ದೊಡ್ಡದು ಮಾಡುವವರಿಗೆ ಹೆಚ್ಚು ಚುಕ್ಕೆ ಇದ್ದರೆ ಒಳ್ಳೆಯದು. ಹಗಲು ಬೆಳಕಲ್ಲಿ ಫೋನಿನ ಹೆಚ್ಚಿನ ಮೆಗಾಪಿಕ್ಸೆಲ್ ಮೋಡ್ ಕೂಡ ಒಂದಿಷ್ಟು ವಿವರ ಕೊಡುತ್ತದೆ. ಆದರೆ ಲಾಭ ಸಂಖ್ಯೆಯಷ್ಟು ದೊಡ್ಡದಲ್ಲ. 50ರಿಂದ 200 ಮೆಗಾಪಿಕ್ಸೆಲ್‌ಗೆ ಹೋದರೆ ಉದ್ದಗಲ ಎರಡೇ ಪಟ್ಟಾಗುತ್ತದೆ. ದೂರದ ಹಕ್ಕಿಗೆ ಉದ್ದನೆಯ ಟೆಲಿ ಲೆನ್ಸ್‌ಗೆ ಸಾಟಿ ಇನ್ನೂ ಇಲ್ಲ.

ಸೆಕೆಂಡ್ ಹ್ಯಾಂಡ್ ಕೊಳ್ಳುವವರು

ಹತ್ತು ವರ್ಷ ಹಳೆಯ 24 ಮೆಗಾಪಿಕ್ಸೆಲ್ ಕ್ಯಾಮೆರಾ ಇಂದಿಗೂ ಒಳ್ಳೆಯ ವ್ಯವಹಾರ. ಶಟರ್ ಎಷ್ಟು ಸಲ ಕೆಲಸ ಮಾಡಿದೆ ಎಂದು ಕೇಳಿ. ಲೆನ್ಸ್‌ನ ಒಂದು ಬದಿಯಿಂದ ಟಾರ್ಚ್ ಬಿಟ್ಟು ಇನ್ನೊಂದು ಬದಿಯಿಂದ ನೋಡಿ. ಜೇಡರ ಬಲೆಯಂಥ ಎಳೆಗಳು ಕಂಡರೆ ಅದು ಬೂಷ್ಟು, ಬಿಟ್ಟುಬಿಡಿ. ಮಲೆನಾಡು, ಕರಾವಳಿಯ ಮಳೆಗಾಲದಲ್ಲಿ ಇದು ಬೇಗ ಹಿಡಿಯುತ್ತದೆ. ಲೆನ್ಸನ್ನು ಚರ್ಮದ ಚೀಲದಲ್ಲಿ ಕಟ್ಟಿಡಬೇಡಿ, ಗಾಳಿಯಾಡದ ಪ್ಲಾಸ್ಟಿಕ್ ಡಬ್ಬಿಯಲ್ಲಿ ಸಿಲಿಕಾ ಜೆಲ್ ಜೊತೆ ಇಡಿ. ಅಕ್ಕಿ ಡಬ್ಬಿಯಲ್ಲಿಡಿ ಎಂಬ ಸಲಹೆ ಬಂದರೆ ಪಾಲಿಸಬೇಡಿ. ಅಕ್ಕಿ ತೇವ ಹೀರುವುದು ಕಡಿಮೆ, ಅದರ ಹುಡಿ ಲೆನ್ಸ್‌ನ ಸಂದಿಗೆ ಸೇರುತ್ತದೆ.

ತೆಗೆದ ಫೋಟೊ ಉಳಿಯುವುದು ಹೇಗೆ?

ತೀರಿಕೊಂಡ ಅಜ್ಜಿಯ ಫೋಟೊಗೆ ಕಟ್ಟು ಹಾಕಿಸಲು ಸ್ಟುಡಿಯೊಗೆ ಹೋದರೆ, ಇದು ದೊಡ್ಡದಾಗುವುದಿಲ್ಲ ಎಂಬ ಉತ್ತರ ಎಷ್ಟೋ ಮನೆಯವರಿಗೆ ಸಿಗುತ್ತದೆ. ಕಾರಣ ಕ್ಯಾಮೆರಾ ಅಲ್ಲ. ತೆಗೆದ ಫೋನು ಕೆಟ್ಟುಹೋಗಿರುತ್ತದೆ, ಉಳಿದಿರುವುದು ವಾಟ್ಸ್‌ಆ್ಯಪ್‌ನಲ್ಲಿ ಬಂದ ಪ್ರತಿ. ಮಾಮೂಲಿಯಾಗಿ ಕಳಿಸಿದರೆ ವಾಟ್ಸ್‌ಆ್ಯಪ್ ಚಿತ್ರವನ್ನು ಕುಗ್ಗಿಸಿ ಕೆಲವೇ ಮೆಗಾಪಿಕ್ಸೆಲ್‌ಗೆ ಇಳಿಸುತ್ತದೆ. 12 ಇರಲಿ, 200 ಇರಲಿ, ತಲುಪುವುದು ಅಷ್ಟೇ. 2023ರಲ್ಲಿ ಬಂದ ಎಚ್‌ಡಿ ಆಯ್ಕೆ ಒತ್ತಿದರೆ ಸ್ವಲ್ಪ ಮೇಲು. ಮೂಲ ಫೋಟೊ ಹಾಗೇ ಹೋಗಬೇಕಾದರೆ ಡಾಕ್ಯುಮೆಂಟ್ ಆಗಿ ಕಳಿಸಿ, ಮನೆಯವರ ಫೋಟೊಗಳ ಮೂಲ ಪ್ರತಿಯನ್ನು ಒಂದು ಪೆನ್‌ಡ್ರೈವ್ ಅಥವಾ ಹಾರ್ಡ್‌ಡಿಸ್ಕ್‌ನಲ್ಲೂ ಹಾಕಿಡಿ.

ಡಾಕ್ಯುಮೆಂಟ್ ಆಗಿ ಕಳಿಸಿದಾಗ ಫೋಟೊ ಜೊತೆಗೆ ಅದು ತೆಗೆದ ದಿನಾಂಕ, ಸಮಯ, ಮತ್ತು ಲೊಕೇಶನ್ ಆನ್ ಇದ್ದರೆ ಜಾಗವೂ ಹೋಗುತ್ತದೆ. ಮನೆಯವರಿಗೆ ಕಳಿಸಲು ಅಡ್ಡಿಯಿಲ್ಲ. ಗುರುತಿಲ್ಲದವರಿರುವ ಗುಂಪಿಗೆ ಕಳಿಸುವ ಮುನ್ನ ಕ್ಯಾಮೆರಾ ಸೆಟ್ಟಿಂಗ್ಸ್‌ನಲ್ಲಿ ಲೊಕೇಶನ್ ಆಫ್ ಮಾಡಿ ತೆಗೆದದ್ದೇ ಎಂದು ಒಮ್ಮೆ ನೋಡಿಕೊಳ್ಳಿ.