ನ್ಯೂಟ್ರಲ್ ಎಂಬ ಮಾತು

ಮೋಟಾರು ನಡೆಸುವವರ ಬಾಯಲ್ಲಿ ದಿನಕ್ಕೆ ಹತ್ತಾರು ಸಲ ಬರುವ ‘ನ್ಯೂಟ್ರಲ್’ ಎಂಬ ಮಾತಿಗೆ ವ್ಯಾಕರಣದ ನಂಟಿದೆಯೆಂದರೆ ಕೆಲವರಿಗೆ ಸೋಜಿಗವಾದೀತು. ಲ್ಯಾಟಿನ್ನಿನಲ್ಲಿ ‘ನೆ’ ಎಂದರೆ ಅಲ್ಲ. ‘ಉತೆರ್’ ಎಂದರೆ ಎರಡರಲ್ಲೊಂದು. ಗಂಡೂ ಅಲ್ಲದ, ಹೆಣ್ಣೂ ಅಲ್ಲದ ನಾಮಪದಗಳಿಗೆ ರೋಮಿನ ವೈಯಾಕರಣರು ಇವೆರಡನ್ನು ಕೂಡಿಸಿ ಹೆಸರಿಟ್ಟರು. ನಮ್ಮ ಕೇಶಿರಾಜ ನಪುಂಸಕವೆಂದು ಕರೆದ ಲಿಂಗವೇ ಅದು.

ಮುಂದೆ ಅದೇ ಮೂಲದ ಮಾತು, ಯುದ್ಧದಲ್ಲಿ ಯಾವ ಪಕ್ಷವನ್ನೂ ಸೇರದ ರಾಜ್ಯಗಳಿಗೆ ಸಂದಿತು. 1839ರ ಲಂಡನ್ ಒಪ್ಪಂದದಿಂದ ಬೆಲ್ಜಿಯಂ ಆ ಸ್ಥಾನ ಪಡೆಯಿತು. 1914ರಲ್ಲಿ ಜರ್ಮನ್ ಸೇನೆ ಅದೇ ನಾಡನ್ನು ತುಳಿದು ಫ್ರಾನ್ಸಿನತ್ತ ನಡೆಯಿತೆಂಬುದು ಬೇರೆಯ ಮಾತು! ಈ ಅರ್ಥಕ್ಕೆ ನಾವು ‘ತಟಸ್ಥ’ ಎನ್ನುತ್ತೇವೆ: ದಡದಲ್ಲಿ ನಿಂತವನು, ಹೊಳೆಯ ಸೆಳೆತಕ್ಕೆ ಸಿಕ್ಕದವನು. ರಾಜಕಾರಣಕ್ಕೆ ಸೊಗಸಾದ ಪದ. ಆದರೆ ಗೇರಿಗೂ ಅದನ್ನೇ ಹೊಂದಿಸಹೊರಟರೆ ನಾನು ಒಪ್ಪಲಾರೆ.

ಏಕೆಂದರೆ ಗೇರಿನ ನ್ಯೂಟ್ರಲ್ ದಡವಲ್ಲ. 1890ರ ದಶಕದಲ್ಲಿ ಫ್ರಾನ್ಸಿನ ಪನಾರ್–ಲೆವಾಸೋರ್ ಗಾಡಿಗಳಲ್ಲಿ ಹಲ್ಲುಚಕ್ರಗಳು ದಂಡದ ಮೇಲೆ ಜಾರಿ ಒಂದನ್ನೊಂದು ಕಚ್ಚುತ್ತಿದ್ದವು. ಯಾವುದನ್ನೂ ಕಚ್ಚದೆ ನಡುವೆ ನಿಂತ ನೆಲೆಯೇ ನ್ಯೂಟ್ರಲ್. ಎಂಜಿನ್ ತಿರುಗುತ್ತಿರುತ್ತದೆ, ಗಾಲಿಗೆ ಅದರ ಸಂಬಂಧವಿರುವುದಿಲ್ಲ. 1928ರಲ್ಲಿ ಅಮೆರಿಕದ ಕ್ಯಾಡಿಲಾಕ್ ಕಾರಿಗೆ ಸಿಂಕ್ರೋಮೆಶ್ ಬಂತು. ಅದಿಲ್ಲದ ಗಾಡಿಗಳಲ್ಲಿ ಗೇರು ಇಳಿಸುವಾಗ ಕ್ಲಚ್ ಒತ್ತಿ ನ್ಯೂಟ್ರಲಿಗೆ ತಂದು, ಕ್ಲಚ್ ಬಿಟ್ಟು, ಎಂಜಿನ್ನಿನ ವೇಗ ಏರಿಸಿ, ಮತ್ತೆ ಕ್ಲಚ್ ಒತ್ತಬೇಕಿತ್ತು. ಇಳಿಜಾರಿನಲ್ಲಿ ಕೆಳಗಿನ ಗೇರು ಕಚ್ಚದೆ ಹೋದರೆ ಲಾರಿ ನಡುವೆಯೇ ಸಿಕ್ಕಿಕೊಂಡು ವೇಗ ಹೆಚ್ಚಿಸಿಕೊಳ್ಳುತ್ತಿತ್ತು.

ಆ ಅಪಾಯವನ್ನು ನಮ್ಮಲ್ಲಿ ಕೆಲವರು ಕೈಯಾರೆ ಬರಮಾಡಿಕೊಳ್ಳುತ್ತಾರೆ. ಆಗುಂಬೆ, ಚಾರ್ಮಾಡಿಗಳಂಥ ಘಾಟಿ ಇಳಿಯುವಾಗ ಎಣ್ಣೆ ಉಳಿಯಲೆಂದು ‘ನ್ಯೂಟ್ರಲ್ ಮಾಡಿ ಬಿಡುವುದು’ ಅವರ ರೂಢಿ. ಕೆಳಗೇರಿನಲ್ಲಿದ್ದರೆ ಎಂಜಿನ್ನೇ ಗಾಲಿಯನ್ನು ಹಿಡಿದೆಳೆಯುತ್ತದೆ. ನ್ಯೂಟ್ರಲಿನಲ್ಲಿ ಆ ಹಿಡಿತ ತಪ್ಪಿ, ಗಾಡಿಯ ಭಾರವೆಲ್ಲ ಬ್ರೇಕಿನ ಮೇಲೆ ಬೀಳುತ್ತದೆ. ತಿರುವಿಗೊಮ್ಮೆ ಒತ್ತಿದ ಬ್ರೇಕು ಕಾದು ಹಿಡಿತ ಕಳೆದುಕೊಳ್ಳುತ್ತದೆ. ಕಾರ್ಬ್ಯುರೇಟರಿನ ಕಾಲದಲ್ಲಿ ಎಣ್ಣೆ ಉಳಿಯುವ ಮಾತಿಗೆ ಒಂದಿಷ್ಟು ಆಧಾರವಾದರೂ ಇತ್ತು. ಇಂದಿನ ಇಂಜೆಕ್ಷನ್ ಎಂಜಿನ್ನುಗಳಲ್ಲಿ ಗೇರಿನಲ್ಲಿದ್ದು ಆಕ್ಸಿಲರೇಟರಿನಿಂದ ಕಾಲು ತೆಗೆದರೆ ಇಂಧನದ ಹರಿವು ಸಾಮಾನ್ಯವಾಗಿ ನಿಂತೇ ಹೋಗುತ್ತದೆ. ನ್ಯೂಟ್ರಲಿನಲ್ಲಾದರೋ ಎಂಜಿನ್ ಆರದಿರಲೆಂದು ತುಸು ಇಂಧನ ಉರಿಯುತ್ತಲೇ ಇರುತ್ತದೆ.