ಅಂತರ್ಜಾಲ ನೇರ ಪ್ರಸಾರ: ಅಡಚಣೆ ಮತ್ತು ಪರಿಹಾರ

ಅಂತರ್ಜಾಲದಲ್ಲಿ ನೇರ ಪ್ರಸಾರವಾಗುವ ವಿಡಿಯೊ ತೆರೆಯದಿರುವುದು, ನಿಂತು ನಿಂತು ಬರುವುದು, ಮಸುಕಾಗುವುದು ಅಥವಾ ಶಬ್ದವಿಲ್ಲದೆ ಬರುವುದು ವೀಕ್ಷಕರನ್ನು ಸಾಮಾನ್ಯವಾಗಿ ಕಾಡುವ ತೊಂದರೆಗಳು. ಮುದ್ರಿತ ವಿಡಿಯೊದ ಮುಂದಿನ ಭಾಗವನ್ನು ಸಾಧನ ಮೊದಲೇ ಇಳಿಸಿಕೊಂಡಿರುತ್ತದೆ; ಹಾಗಾಗಿ ಸಂಪರ್ಕ ಸ್ವಲ್ಪ ಹೊತ್ತು ಕಡಿದರೂ ಗೊತ್ತಾಗುವುದಿಲ್ಲ. ನೇರ ಪ್ರಸಾರದಲ್ಲಿ ಮುಂದಿನ ಭಾಗ ಇನ್ನೂ ಹುಟ್ಟಿಯೇ ಇರುವುದಿಲ್ಲ. ಆದ್ದರಿಂದ ಸಣ್ಣ ದೋಷವೂ ತೆರೆಯ ಮೇಲೆ ಕಾಣಿಸಿಕೊಳ್ಳುತ್ತದೆ.

ಕಾರ್ಯವಿಧಾನ

ಕ್ಯಾಮೆರಾದಿಂದ ಬಂದ ದೃಶ್ಯವನ್ನು ಎನ್‌ಕೋಡರ್ ಕುಗ್ಗಿಸುತ್ತದೆ. ಅದನ್ನು ಹಲವು ಗುಣಮಟ್ಟಗಳಲ್ಲಿ ಕೆಲವು ಸೆಕೆಂಡುಗಳ ತುಣುಕುಗಳಾಗಿ ಕತ್ತರಿಸಿ, ಬೇರೆ ಬೇರೆ ಊರುಗಳಲ್ಲಿರುವ ಸರ್ವರ್‌ಗಳಿಗೆ ಹಂಚಲಾಗುತ್ತದೆ. ವೀಕ್ಷಕರ ಪ್ಲೇಯರ್ ತನಗೆ ಸಿಗುವ ವೇಗವನ್ನು ಅಳೆದು, ತಕ್ಕ ಗುಣಮಟ್ಟದ ತುಣುಕನ್ನು ತರಿಸಿಕೊಳ್ಳುತ್ತದೆ. ಆಪಲ್ 2009ರಲ್ಲಿ ತಂದ ಎಚ್‌ಎಲ್‌ಎಸ್ ಮತ್ತು 2012ರಲ್ಲಿ ಪ್ರಕಟವಾದ ಡ್ಯಾಶ್ ಈ ಪದ್ಧತಿಯ ಮುಖ್ಯ ಮಾನದಂಡಗಳು. ಪ್ಲೇಯರ್ ಕೆಲವು ತುಣುಕುಗಳನ್ನು ಕೂಡಿಟ್ಟುಕೊಂಡೇ ದೃಶ್ಯ ತೋರಿಸುವುದರಿಂದ ಪ್ರಸಾರ ಹಲವು ಸೆಕೆಂಡು, ಕೆಲವೊಮ್ಮೆ ಅರ್ಧ ನಿಮಿಷ ಹಿಂದೆ ಬೀಳುತ್ತದೆ. ಕೇಬಲ್ ಟಿವಿ ಇರುವ ಪಕ್ಕದ ಮನೆಯಿಂದ ವಿಕೆಟ್ ಬಿದ್ದ ಕೂಗು ಮೊದಲೇ ಕೇಳಿಸುವುದು ಇದರಿಂದಲೇ, ಅದು ದೋಷವಲ್ಲ.

ದೋಷದ ನೆಲೆ

ಮೊದಲು ತೊಂದರೆ ಎಲ್ಲಿದೆ ಎಂಬುದನ್ನು ಗೊತ್ತುಮಾಡಿಕೊಳ್ಳಬೇಕು. ಅದೇ ಪ್ರಸಾರ ಮನೆಯ ವೈ-ಫೈಯಲ್ಲಿ ನಿಂತು, ಮೊಬೈಲ್ ಡೇಟಾದಲ್ಲಿ ಸರಾಗವಾಗಿ ಬಂದರೆ ದೋಷ ಮನೆಯ ಸಂಪರ್ಕದ್ದು. ಒಂದು ಸಾಧನದಲ್ಲಿ ಮಾತ್ರ ಬಾರದಿದ್ದರೆ ಆ ಸಾಧನದ್ದು. ಯಾವ ಸಂಪರ್ಕದಲ್ಲೂ ಯಾವ ಸಾಧನದಲ್ಲೂ ಬಾರದೆ, ಉಳಿದ ವಿಡಿಯೊಗಳು ಬರುತ್ತಿದ್ದರೆ ಪ್ರಸಾರಕರ ಕಡೆಯದೇ ಇರಬಹುದು.

ಸಂಪರ್ಕ: 1080ಪಿ ಪ್ರಸಾರಕ್ಕೆ ಸುಮಾರು 5 ಎಂಬಿಪಿಎಸ್ ವೇಗ ಸತತವಾಗಿ ಬೇಕು. ಈ ಲೆಕ್ಕದಲ್ಲಿ ಗಂಟೆಗೆ 2.25 ಜಿಬಿ ಖರ್ಚಾಗುವುದರಿಂದ, ದಿನಕ್ಕೆ 2 ಜಿಬಿ ಕೊಡುವ ಮೊಬೈಲ್ ಪ್ಯಾಕ್ ಗಂಟೆಯೊಳಗೇ ಮುಗಿದು ವೇಗ ಕುಸಿಯುತ್ತದೆ. ಗುಣಮಟ್ಟವನ್ನು 480ಪಿಗೆ ಇಳಿಸುವುದು ಸುಲಭ ಪರಿಹಾರ. 2.4 ಗಿಗಾಹರ್ಟ್ಸ್ ವೈ-ಫೈಗೆ ಅಕ್ಕಪಕ್ಕದ ರೌಟರ್‌ಗಳು ಮತ್ತು ಮೈಕ್ರೊವೇವ್ ಒಲೆ ಅಡ್ಡಿಯಾಗುತ್ತವೆ. ರೌಟರ್ ಹತ್ತಿರದಲ್ಲಿದ್ದರೆ 5 ಗಿಗಾಹರ್ಟ್ಸ್ ಅಥವಾ ಲ್ಯಾನ್ ಕೇಬಲ್ ಮೇಲು.

ಸಾಧನ: ದಿನಾಂಕ ಮತ್ತು ಸಮಯ ತಪ್ಪಾಗಿದ್ದರೆ ಭದ್ರತಾ ಪ್ರಮಾಣಪತ್ರದ ಪರಿಶೀಲನೆ ವಿಫಲವಾಗಿ ಪುಟವೇ ತೆರೆಯದು. ಬ್ರೌಸರ್‌ಗಳು ತಾನಾಗಿ ಶುರುವಾಗುವ ವಿಡಿಯೊದ ಶಬ್ದವನ್ನು ತಡೆಯುವುದರಿಂದ ಮ್ಯೂಟ್ ಗುರುತನ್ನು ಮೊದಲು ನೋಡಬೇಕು. ಶಬ್ದ ಬಂದು ತೆರೆ ಕಪ್ಪಗಿದ್ದರೆ ನಕಲು ತಡೆಯುವ ವ್ಯವಸ್ಥೆ ಕಾರಣವಿರಬಹುದು. ಎಚ್‌ಡಿಎಂಐ ಮೂಲಕ ಟಿವಿಗೆ ಜೋಡಿಸಿದಾಗ ಅಥವಾ ಸ್ಕ್ರೀನ್ ಹಂಚಿಕೊಂಡಾಗ ಹೀಗಾಗಬಹುದು. ಫ್ಲ್ಯಾಶ್ ಕೇಳುವ ಹಳೆಯ ಪುಟಗಳು ಇಂದಿನ ಬ್ರೌಸರ್‌ಗಳಲ್ಲಿ ನಡೆಯವು. ಅಡೋಬಿ ಅದರ ಬೆಂಬಲವನ್ನು 2020ರ ಡಿಸೆಂಬರ್ 31ಕ್ಕೆ ನಿಲ್ಲಿಸಿತು.

ಅನುಮತಿ: ತೆರೆಯ ಮೇಲೆ ಬರುವ ದೋಷ ಸಂಖ್ಯೆಗಳಲ್ಲಿ 403 ಪ್ರವೇಶ ನಿರಾಕರಣೆಯನ್ನೂ, 404 ವಿಳಾಸದಲ್ಲಿ ಏನೂ ಇಲ್ಲವೆಂಬುದನ್ನೂ, 451 ಕಾನೂನಿನ ತಡೆಯನ್ನೂ, 503 ಸರ್ವರ್ ಸದ್ಯಕ್ಕೆ ಲಭ್ಯವಿಲ್ಲವೆಂಬುದನ್ನೂ ಸೂಚಿಸುತ್ತದೆ. ಕ್ರೀಡೆ ಮತ್ತು ಸಿನಿಮಾದ ಪ್ರಸಾರ ಹಕ್ಕು ದೇಶವಾರು ಮಾರಾಟವಾಗುತ್ತದೆ. ಹೀಗಾಗಿ ಭಾರತದಲ್ಲಿ ಸಿಗುವ ಪಂದ್ಯ ಅದೇ ಆಪ್‌ನಲ್ಲಿ ದುಬೈಯಲ್ಲಿರುವ ಕನ್ನಡಿಗರಿಗೆ ಸಿಗದಿರಬಹುದು. ಸಂಪರ್ಕವನ್ನು ಬೇರೆ ಸರ್ವರ್ ಮೂಲಕ ಹಾಯಿಸುವ ವಿಪಿಎನ್ ಚಾಲೂ ಇದ್ದರೆ ಊರಲ್ಲೇ ಕೂತವರೂ ಹೊರದೇಶದವರಂತೆ ಕಾಣಬಹುದು. ಅದನ್ನು ಆರಿಸಿ ನೋಡಬೇಕು.

ಜನದಟ್ಟಣೆ

2023ರ ಆಗಸ್ಟ್ 23ರಂದು ಚಂದ್ರಯಾನ-3 ಚಂದ್ರನ ಮೇಲಿಳಿದಾಗ ಇಸ್ರೊದ ಯೂಟ್ಯೂಬ್ ಪ್ರಸಾರವನ್ನು ಏಕಕಾಲಕ್ಕೆ 80 ಲಕ್ಷಕ್ಕೂ ಹೆಚ್ಚು ಮಂದಿ ನೋಡಿದರು. ಅದೇ ವರ್ಷ ನವೆಂಬರ್ 19ರ ಕ್ರಿಕೆಟ್ ವಿಶ್ವಕಪ್ ಫೈನಲ್‌ಗೆ ಡಿಸ್ನಿ+ ಹಾಟ್‌ಸ್ಟಾರ್‌ನಲ್ಲಿ ಈ ಸಂಖ್ಯೆ 5.9 ಕೋಟಿ ಮುಟ್ಟಿತು. ಇಂಥ ಹೊತ್ತಿನಲ್ಲಿ ಪ್ರಸಾರ ಕಡಿದು, ಎಲ್ಲರೂ ಒಟ್ಟಿಗೆ ರಿಫ್ರೆಶ್ ಒತ್ತಿದರೆ ಲಾಗಿನ್ ಸರ್ವರ್‌ಗಳ ಹೊರೆ ಇನ್ನಷ್ಟು ಹೆಚ್ಚುತ್ತದೆ. ಸ್ವಲ್ಪ ಕಾಯುವುದು, ಇಲ್ಲವೇ ಅಧಿಕೃತವಾದ ಇನ್ನೊಂದು ಮಾರ್ಗಕ್ಕೆ ಹೋಗುವುದು ಸರಿ. ಚಂದ್ರಯಾನದ ಇಳಿಕೆಯನ್ನು ದೂರದರ್ಶನವೂ ತೋರಿಸಿತ್ತು.

ಪ್ರಸಾರಕರ ಕಡೆಯ ದೋಷವನ್ನು ವೀಕ್ಷಕರು ಸರಿಪಡಿಸಲಾರರು. ಆದರೆ ದೂರು ಕೊಡುವಾಗ ತೊಂದರೆಯಾದ ಸಮಯ, ಸಾಧನ, ಆಪ್‌ನ ಆವೃತ್ತಿ, ಸಂಪರ್ಕದ ಬಗೆ ಮತ್ತು ತೆರೆಯ ಮೇಲೆ ಬಂದ ಸಂಖ್ಯೆಯನ್ನು ತಿಳಿಸಿದರೆ ಮೂಲವನ್ನು ಬೇಗ ಹುಡುಕಬಹುದು.